ಸೀರೆಚೂರು ಕಟ್ಟಿದ ಬದನೆಕಾಯಿ

ಈರನಗೆರೆ ಬದನೆಯ ವಿಷಯದಲ್ಲಿ ನಮ್ಮತ್ತೆ ಯಾರ ಮಾತನ್ನೂ ಕೇಳುವವರಲ್ಲ. ವಾಂಗೀಬಾತಿಗೆ ಬೇರೆ ಬದನೆ ಹಾಕಿದರೆ ತಟ್ಟೆ ಪಕ್ಕಕ್ಕೆ ತಳ್ಳುತ್ತಾರೆ. ರಿಂಗ್ ರಸ್ತೆಯಾಚೆಯ ನಮ್ಮ ತೋಟದಲ್ಲಿ ಅವರ ಅತ್ತೆಯ ಕಾಲದ ಬೀಜವೇ ನಡೆದುಬಂದಿದೆ. ಪ್ರತಿ ಬೆಳೆಯಲ್ಲೂ ಒಳ್ಳೆಯ ಗಿಡದ ಒಳ್ಳೆಯ ಕಾಯಿಗೆ ಹಳೆ ಸೀರೆಯ ಚೂರು ಕಟ್ಟುತ್ತಾರೆ. ಅದು ಬೀಜಕ್ಕೆಂದು ಬಿಟ್ಟ ಕಾಯಿ. ಗಿಡದಲ್ಲೇ ಹಳದಿಯಾಗಿ ಹಣ್ಣಾಗಬೇಕು, ಯಾರೂ ಮುಟ್ಟುವಂತಿಲ್ಲ. ಇನ್ನೊಬ್ಬರಿಗೆ ಬೀಜ ಕೊಡುವ ಮಾತಂತೂ ಇಲ್ಲವೇ ಇಲ್ಲ.

ಚಿಕ್ಕತ್ತೆ, ಎಂದರೆ ಅತ್ತೆಯ ಓರಗಿತ್ತಿ, ಮನೆ ಪಾಲಾದ ಮೇಲೆ ಬೀಜ ಕೇಳಿ ಕೇಳಿ ಸಾಕಾಗಿ, ಒಂದು ದಿನ ಆ ಹಣ್ಣನ್ನೇ ಬಟ್ಟೆ ಸಮೇತ ಕಿತ್ತು ಸೆರಗಿಗೆ ಹಾಕಿಕೊಂಡು ಹೋದರು. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎನ್ನುವವರ ಪೈಕಿ ಅವರು. ಅತ್ತೆ ಬೀದಿಗೆಲ್ಲ ಕೇಳುವಂತೆ ‘ಕಳ್ಳಿ’ ಎಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದು ಬದನೆಕಾಯಿಗೆ ಇಷ್ಟು ರಾದ್ಧಾಂತವೇ ಎಂದು ನನಗೆ ನಗು ಬರುತ್ತಿತ್ತು, ನಗುವ ಧೈರ್ಯವಿರಲಿಲ್ಲ.

ಕಳೆದ ಮಳೆಗಾಲ ನಮ್ಮ ಗಿಡಗಳಿಗೆ ಸೊರಗು ರೋಗ ಬಂದು, ಹೂವಿಗೆ ಬಂದವೆಲ್ಲ ನಿಂತಲ್ಲೇ ಒಣಗಿದವು. ಡಬ್ಬದ ಬೀಜಕ್ಕೆ ನೀರು ತಾಗಿ ಬೂಷ್ಟು ಹಿಡಿದಿತ್ತು. ಮಂಡಿ ಮೊಹಲ್ಲಾದ ಬೀಜದಂಗಡಿಯಲ್ಲಿ ಇದ್ದದ್ದು ಪ್ಯಾಕೆಟ್ಟಿನ ಹೈಬ್ರಿಡ್. ಅತ್ತೆ ಅದನ್ನು ಕೈಯಲ್ಲೂ ಮುಟ್ಟಲಿಲ್ಲ, ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡರು. ಬೀಜ ನಿಜವಾಗಿಯೂ ಹೋಯಿತೇ ಎಂದು ಆಗ ನನಗೂ ಹೆದರಿಕೆಯಾಯಿತು.

"ಚಿಕ್ಕತ್ತೆ ಹತ್ರ ಇರ್ಬೋದು," ಎಂದೆ.

"ಅವಳ ಮುಂದೆ ಕೈಯೊಡ್ಡಲ್ಲ ಕಣಮ್ಮ ನಾನು."

ಮರುದಿನ ಒಳ್ಳೆಯ ಸೀರೆ ಉಟ್ಟು ತಾವೇ ಸ್ಕೂಟರಿನ ಹಿಂದೆ ಕೂತರು.

ಸಿದ್ಧಾರ್ಥನಗರ ದಾಟಿದರೆ ಚಿಕ್ಕತ್ತೆಯ ಮನೆ, ಪಕ್ಕದಲ್ಲೇ ತೋಟ. ಬದನೆ ತುಂಬಿ ನಿಂತಿತ್ತು. ಒಂದು ಗಿಡದಲ್ಲಿ ಹಳದಿ ಹಣ್ಣು. ಅದಕ್ಕೆ ಕಟ್ಟಿದ್ದು ನಮ್ಮತ್ತೆಯದೇ ಸೀರೆಚೂರು. ಅತ್ತೆ ಜಗುಲಿಯಲ್ಲಿ ಕೂತು ಬಿಸಿಲು, ರಸ್ತೆ, ಮಂಡಿನೋವು ಎಲ್ಲ ಹೇಳಿದರು. ಬೀಜ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಚಿಕ್ಕತ್ತೆ ಎಲ್ಲ ಕೇಳಿಸಿಕೊಂಡು ಎದ್ದರು. "ನಾನು ಒಳಗೋಗಿ ಕಾಫಿ ಮಾಡ್ತೀನಕ್ಕಾ. ಒಸಿ ಹೊತ್ತಾಯ್ತದೆ. ಈ ಕಡೆ ನೋಡಕ್ಕೂ ಆಗಲ್ಲ ನಂಗೆ," ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಅತ್ತೆ ನನ್ನನ್ನೂ ನೋಡಿದರು, ಬಾಗಿಲನ್ನೂ ನೋಡಿದರು. ಹಣ್ಣು ಕಿತ್ತು ಸೆರಗಿಗೆ ಹಾಕಿಕೊಂಡರು. ಆಮೇಲೆ ಸಾಲಿನಲ್ಲೆಲ್ಲ ಹುಡುಕಿ, ಇನ್ನೊಂದು ಒಳ್ಳೆಯ ಕಾಯಿಗೆ ಅದೇ ಸೀರೆಚೂರನ್ನು ಬಿಗಿಯಾಗಿ ಕಟ್ಟಿ ಬಂದು ಕೂತರು.

ಕಾಫಿ ಬಂತು. ಸಕ್ಕರೆ ಜಾಸ್ತಿಯಾಯಿತು ಎಂದು ಅತ್ತೆ ಜಗಳ ತೆಗೆದರು.