ಮೊದಲೇ ಹಾಕಿಟ್ಟ ಟಿಕ್

ನಮ್ಮ ಕ್ಲಿನಿಕ್ಕಿನ ಹಿರಿಯ ಸಿಸ್ಟರಿಗೆ ನಾವಿಟ್ಟ ಹೆಸರು ‘ಎರಡು ನಿಮಿಷದ ಸಿಸ್ಟರ್’. ಬಸಿರು ನಿಲ್ಲದಂತೆ ತೋಳಿನ ಒಳಬದಿ, ಚರ್ಮದಡಿಯಲ್ಲಿ ಇಡುವ ಕಡ್ಡಿ ಇದೆಯಲ್ಲ, ಬೆಂಕಿಕಡ್ಡಿಯಷ್ಟು ಉದ್ದದ್ದು, ತೋಳು ಮರಗಟ್ಟಿದ ಮೇಲೆ ಅದನ್ನು ಇಡಲು ಅವರಿಗೆ ಎರಡೇ ನಿಮಿಷ ಸಾಕು. ನಾನು ಡಾಕ್ಟರಾಗಿ ಬಂದ ಹೊಸದರಲ್ಲಿ ಈ ಕೆಲಸ ಕಲಿತದ್ದು ಅವರ ಕೈಕೆಳಗೇ. ನಾನು ಸೂಜಿ ಹಿಡಿದು ಹಿಂದೆಮುಂದೆ ನೋಡಿದರೆ, “ಡಾಕ್ಟ್ರೇ, ಅದು ತೋಳು, ಬಾಂಬಲ್ಲ” ಎನ್ನುತ್ತಿದ್ದರು. ಹೆದರಿ ಕೂತ ಹೆಂಗಸರೂ ನಕ್ಕುಬಿಡುತ್ತಿದ್ದರು.

ಕಡ್ಡಿ ಇಟ್ಟಮೇಲೆ ಚರ್ಮದ ಮೇಲೆ ಬೆರಳಾಡಿಸಿ, ಅದು ಕೈಗೆ ತಾಗುತ್ತದೆಯೇ ಎಂದು ನೋಡಬೇಕು. ಇಡಿಸಿಕೊಂಡವಳ ಬೆರಳಿಗೂ ತಾಗಿಸಬೇಕು. ಆಮೇಲೆ ಕಾರ್ಡಿನಲ್ಲಿ ‘ಕೈಗೆ ಸಿಕ್ಕಿತು’ ಎಂಬಲ್ಲಿ ಒಂದು ಟಿಕ್. ಸಿಸ್ಟರ್ ಬೆಳಿಗ್ಗೆ ಟೀ ಕುಡಿಯುತ್ತಲೇ ಆ ದಿನದ ಅಷ್ಟೂ ಕಾರ್ಡುಗಳಿಗೆ ಟಿಕ್ ಹಾಕಿಡುತ್ತಿದ್ದರು. ನಾನು ಕಂಡೂ ಕಾಣದವಳ ಹಾಗೆ ಅಷ್ಟಕ್ಕೂ ಸಹಿ ಮಾಡುತ್ತಿದ್ದೆ. ಜನ ಸಾಲುಗಟ್ಟಿ ನಿಂತಿರುವಾಗ ಯಾರಿಗೆ ಬೇಕು ಆ ಶಾಸ್ತ್ರ ಅಂದುಕೊಂಡಿದ್ದೆ.

ಒಂದು ದಿನ ಎದುರು ಬೀದಿಯ ಟೈಲರಮ್ಮ ಬಂದಳು. ಸಿಸ್ಟರ್ ಕೈಯಲ್ಲೇ ಕಡ್ಡಿ ಇಡಿಸಿಕೊಂಡು ಆರು ತಿಂಗಳಾಗಿತ್ತು. ಈಗ ನಾಲ್ಕು ತಿಂಗಳ ಬಸುರಿ. ಸಿಸ್ಟರ್ ಅವಳ ತೋಳು ಒತ್ತಿ ಒತ್ತಿ ನೋಡಿದರು. ಏನೂ ತಾಗಲಿಲ್ಲ.

“ಎಲ್ಲಿ ತೆಗೆಸ್ದೆಯಮ್ಮಾ?” ಎಂದು ಜೋರಾಗಿಯೇ ಕೇಳಿದರು. ಪರದೆಯಾಚೆ ಬೆಂಚಿನ ಮೇಲಿದ್ದ ಅವಳ ಗಂಡನಿಗೂ ಕೇಳಿಸಿತು.

“ಅಯ್ಯೋ, ನಾನ್ಯಾಕೆ ತೆಗೆಸ್ಲಿ? ಇಬ್ರು ಮಕ್ಕಳು ಸಾಕು ಅಂತ ಇಡಿಸ್ಕೊಂಡವಳು ನಾನೇ ತಾನೆ?”

ತೆಗೆಸಿದ್ದರೆ ಕೊಯ್ದ ಕಲೆ ಇರಬೇಕು. ಅವಳ ತೋಳಿನಲ್ಲಿ ಇದ್ದದ್ದು ಸೂಜಿ ಚುಚ್ಚಿದ ಒಂದೇ ಚುಕ್ಕೆ. ನನಗೆ ಅಲ್ಲೇ ಗೊತ್ತಾಯಿತು. ಕಡ್ಡಿ ಒಳಗೆ ಹೋಗಿಯೇ ಇಲ್ಲ, ಸೂಜಿಯಲ್ಲೇ ಉಳಿದು ಕಸದ ಡಬ್ಬ ಸೇರಿದೆ. ಸಿಸ್ಟರಿಗೂ ಗೊತ್ತಾಗಿತ್ತು, ಅವರ ಮುಖ ಕಪ್ಪಿಟ್ಟಿತ್ತು. ಆದರೂ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೆವು. “ಸ್ಕ್ಯಾನ್ ಮಾಡಿ ನೋಡೋಣ” ಎಂದು ನಾನು ಗಂಭೀರವಾಗಿ ಬರೆದುಕೊಟ್ಟೆ. ಗಂಡ ಅವಳಿಗೆ ಕಾಯದೆ ಎದ್ದು ನಡೆದ. ಅವಳು ಚಪ್ಪಲಿ ಮೆಟ್ಟುತ್ತಲೇ ಅವನ ಹಿಂದೆ ಓಡಿದಳು.

ನಾಲ್ಕನೆಯ ದಿನ ಸಿಸ್ಟರ್ ಅವಳ ಕಾರ್ಡು ಹಿಡಿದು ನನ್ನ ಮೇಜಿನ ಮುಂದೆ ನಿಂತರು.

“ಆ ಹುಡುಗಿ ಗಂಡ ಬೇರೆ ಮಾತೇ ಆಡ್ತಿಲ್ವಂತೆ. ಕದ್ದು ಎಲ್ಲಿ ತೆಗೆಸ್ದೆ ಅಂತ ದಿನಾ ಕೇಳ್ತಾನಂತೆ. ಅದು ನಾನು ಹೇಳ್ಕೊಟ್ಟ ಮಾತು ಡಾಕ್ಟ್ರೇ. ಹೋಗಿ ಹೇಳ್ಬಿಡ್ತೀನಿ. ನೀವೂ ಬರ್ತೀರಾ?”

ಕಾರ್ಡಿನಲ್ಲಿ ಅವರ ಟಿಕ್ ಇತ್ತು, ಅದರ ಕೆಳಗೆ ನನ್ನ ಸಹಿ.

“ಹೊರಗೆ ಜನ ಕಾಯ್ತಿದ್ದಾರೆ ಸಿಸ್ಟರ್” ಎಂದೆ. ಹೊರಗೆ ಇದ್ದವರು ಇಬ್ಬರೇ.

ಅವರು ಒಬ್ಬರೇ ಹೋದರು. ಹೊಲಿಗೆ ಯಂತ್ರದ ಪಕ್ಕ ನಿಂತು, ಗಂಡನ ಎದುರಿಗೇ, ತಪ್ಪು ತನ್ನದು ಎಂದು ಬಾಯಿಬಿಟ್ಟು ಹೇಳಿದರಂತೆ. ಅವನು ಬಾಯಿಗೆ ಬಂದಂತೆ ಬೈದನಂತೆ. ಅಷ್ಟನ್ನೂ ಕೇಳಿಸಿಕೊಂಡೇ ಬಂದರು. ಈಗ ಪ್ರತಿಯೊಬ್ಬಳ ಬೆರಳನ್ನೂ ತಾವೇ ಹಿಡಿದು ತೋಳಿನ ಮೇಲಿಟ್ಟು, “ಸಿಕ್ತಾ? ಸರಿಯಾಗಿ ನೋಡಮ್ಮ” ಎನ್ನುತ್ತಾರೆ. ಸಿಕ್ಕಿದ ಮೇಲೆಯೇ ಟಿಕ್. ಹಳೆಯ ಅಡ್ಡಹೆಸರು ಹಿಡಿದು ಯಾರಾದರೂ ಕರೆದರೆ ಓಗೊಡುವುದಿಲ್ಲ.

ಮುಂದಿನ ತಿಂಗಳು ಟೈಲರಮ್ಮ ತಪಾಸಣೆಗೆ ಬಂದಳು, ಜೊತೆಗೆ ಗಂಡನೂ ಇದ್ದ.

“ನಿಮ್ಮ ಮೇಲೆ ನಮಗೇನೂ ಬೇಜಾರಿಲ್ಲ ಡಾಕ್ಟ್ರೇ. ಆ ಟಿಕ್ ವಿಷಯ ನಿಮಗೆ ಗೊತ್ತೇ ಇರ್ಲಿಲ್ಲವಂತೆ. ಸಿಸ್ಟರೇ ಹೇಳಿದ್ರು” ಎಂದಳು.

ಸಿಸ್ಟರ್ ಅಲ್ಲೇ ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

ನಾನು ಹೂಂ ಎಂದೆ.