ಓದದೇ ಬರೆದ ಅಭಿಪ್ರಾಯಗಳು

ರದ್ದಿಯವನಿಗೆ ಕೊಡಲೆಂದು ಇಂದು ಬೆಳಿಗ್ಗೆ ಕಪಾಟಿನಿಂದ ಹಳೆಯ ಪುಸ್ತಕಗಳನ್ನು ತೆಗೆಯುತ್ತಿದ್ದೆ. ಒಂದರೊಳಗಿಂದ ಅಂಗೈಯಗಲದ ಚೀಟಿ ಜಾರಿ ಬಿತ್ತು. ಅಕ್ಷರ ನನ್ನದೇ. ‘ಭಾಷೆ ಸೊಗಸು. ಮಧ್ಯಭಾಗ ಸ್ವಲ್ಪ ಎಳೆದಂತಿದೆ. ಕೊನೆ ಅವಸರದ್ದು. ಒಟ್ಟಿನಲ್ಲಿ ಓದಬಹುದು.’ ಯಾವ ಪುಸ್ತಕದ ಬಗ್ಗೆ ಹೀಗೆ ಬರೆದೆನೋ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಚೀಟಿ ಸಿಕ್ಕ ಪುಸ್ತಕದ ಬಗ್ಗೆಯಂತೂ ಅಲ್ಲ, ಅದು ಮಧುಮೇಹಿಗಳ ಅಡುಗೆಯ ಪುಸ್ತಕ. ಆದರೂ ನಾಲ್ಕು ವಾಕ್ಯಗಳೂ ಅದಕ್ಕೆ ಚೆನ್ನಾಗಿಯೇ ಹೊಂದುತ್ತಿದ್ದವು. ಬೇಕಾದರೆ ನಿಮ್ಮ ಕೈಯಲ್ಲಿರುವ ಪುಸ್ತಕಕ್ಕೂ ಹಚ್ಚಿ ನೋಡಿ.

ಪುಣೆಯಲ್ಲಿ ನಮ್ಮದೊಂದು ಓದುಗರ ಬಳಗವಿದೆ. ಕೋಥರೂಡದಿಂದ ವಾಕಡದವರೆಗೆ ಹನ್ನೆರಡು ಕನ್ನಡ ಮನೆಗಳು. ಐದು ಪುಸ್ತಕಗಳ ಒಂದು ಬಟ್ಟೆಯ ಚೀಲ ಮನೆಯಿಂದ ಮನೆಗೆ ಸುತ್ತುತ್ತದೆ. ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಲಕೋಟೆ ಅಂಟಿಸಿರುತ್ತೇವೆ. ಓದಿದವರು ತಮ್ಮ ಅನಿಸಿಕೆಯನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. ತಾನು ಓದಿ ಮುಗಿಸುವ ತನಕ ಉಳಿದವರ ಚೀಟಿ ಬಿಚ್ಚಬಾರದು. ಇರುವುದು ಇದೊಂದೇ ನಿಯಮ. ಈ ಚೀಟಿಗಳಿಂದಲೇ ನಾನು ಬಳಗದಲ್ಲಿ ನೇರ ಮಾತಿನ ಮನುಷ್ಯನೆಂದು ಹೆಸರಾದೆ. ಮೂವತ್ತು ವರ್ಷ ಪಂಪಿನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡಿ ಠಸ್ಸೆ ಒತ್ತಿದವನು ನಾನು. ಪಾಸ್, ನಾಪಾಸ್ ಎನ್ನುವುದು ಕೈಗೆ ಅಂಟಿದ ಚಟ.

ಮೊದಮೊದಲು ನಿಜವಾಗಿಯೂ ಓದುತ್ತಿದ್ದೆ. ಬರಬರುತ್ತ ದಣಿವು ಹತ್ತಿತು. ಈಚಿನ ಕಾದಂಬರಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಲೇ? ಹೆಸರು ಬೇಡ, ಬರೆದವರೆಲ್ಲ ನೆಟ್ಟಗಿದ್ದಾರೆ. ಒಂದರಲ್ಲಿ, ಬೆನ್ನುಡಿಯನ್ನು ನಂಬುವುದಾದರೆ, ಮೂರು ತಲೆಮಾರು, ಪ್ರತಿ ಅಧ್ಯಾಯಕ್ಕೂ ಒಂದು ಕನಸು. ಇನ್ನೊಂದು ಕಥಾಸಂಕಲನದಲ್ಲಿ ಎಲ್ಲರೂ ಕಿಟಕಿಯ ಹತ್ತಿರ ನಿಲ್ಲುತ್ತಾರೆ, ಯಾರೂ ಕೂಡುವುದಿಲ್ಲ. ಒಂದು ಪತ್ತೇದಾರಿಯಲ್ಲಿ ಇನ್ಸ್‌ಪೆಕ್ಟರ್ ಹನ್ನೊಂದು ಸಲ ಚಹಾ ಕುಡಿದ ಮೇಲೂ ಕೊಲೆಗಾರ ಸಿಗಲಿಲ್ಲ, ನನಗೆ ಐದನೆಯ ಚಹಾಕ್ಕೇ ಸಿಕ್ಕಿದ್ದ. ಕೊನೆಕೊನೆಗೆ ಎರಡನೇ ಪುಟಕ್ಕೆ ತೂಕಡಿಕೆ, ನಾಲ್ಕನೆಯದಕ್ಕೆ ಗೊರಕೆ. ದೋಷ ಪುಸ್ತಕದ್ದೋ ನನ್ನದೋ ಎಂದು ನೋಡುವ ಉಮೇದೂ ಉಳಿಯಲಿಲ್ಲ.

ಹಾಗೆಂದು ಹೆಸರು ಬಿಟ್ಟುಕೊಡಲಾದೀತೇ? ಲಕೋಟೆಯನ್ನು ಮೊದಲೇ ಬಿಚ್ಚತೊಡಗಿದೆ. ಒಬ್ಬರ ಹೊಗಳಿಕೆ, ಇನ್ನೊಬ್ಬರ ಗೊಣಗು, ಮೇಲೆ ನನ್ನದೊಂದಿಷ್ಟು ಖಾರ. ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನವೆಂದು ಬಡಿಸಿದ ಹಾಗೆ. ಎರಡು ವರ್ಷ ಹೀಗೇ ನಡೆಸಿದೆ, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುತ್ತಿಲ್ಲವಲ್ಲ ಎಂದು ಆಗಾಗ ಬೇಜಾರೂ ಆಗುತ್ತಿತ್ತು.

ಒಂದು ಸಲ ವಾಕಡದ ಐಟಿ ದಂಪತಿ ಚೀಲಕ್ಕೆ ಒಂದು ಗ್ರಾಫಿಕ್ ಕಾದಂಬರಿ ಹಾಕಿದರು. ಪುಟ ತುಂಬ ಚೌಕಗಳು, ಚೌಕಗಳ ತುಂಬ ಚಿತ್ರ. “ಅಂಕಲ್, ಸಖತ್ತಾಗಿದೆ, ಒಂದ್ಸಲ ಟ್ರೈ ಮಾಡಿ,” ಎಂದಳು ಆ ಹುಡುಗಿ. ನಾನು ಟ್ರೈ ಮಾಡಲಿಲ್ಲ. ಹೆಬ್ಬೆರಳಿನಿಂದ ಹಾಳೆಗಳನ್ನು ಫರ್‍ರೆಂದು ಓಡಿಸಿ ಚೀಟಿ ಬರೆದೆ: ‘ಅಕ್ಷರ ಬರೆಯಲು ಬೇಸರಪಟ್ಟವರು ಚಿತ್ರ ಬರೆಯುತ್ತಾರೆ.’ ವಾಕ್ಯ ನನಗೇ ಬಹಳ ಹಿಡಿಸಿತು. ಬಳಗದಲ್ಲಿ ನಾಲ್ಕಾರು ಜನ ಅದನ್ನು ಬಾಯಿಪಾಠ ಮಾಡಿ ಹೇಳಿದರು.

ಚೀಲ ಪದ್ಮಕ್ಕನ ಮನೆ ಮುಟ್ಟಿದ ವಾರ ಅವರ ಫೋನು ಬಂತು. ಪದ್ಮಕ್ಕ ಧಾರವಾಡದವರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸದಾಶಿವ ಪೇಠದ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಓದುವವರು ಅವರೇ.

“ಕಣ್ಣಿನ ಪರದೆ ಕೆಟ್ಟದ ಅಂತ ಹೇಳ್ಯಾರ ಡಾಕ್ಟರು,” ಎಂದರು, ಗ್ಯಾಸ್ ಸಿಲಿಂಡರ್ ಮುಗಿದಿದೆ ಎನ್ನುವ ಧಾಟಿಯಲ್ಲಿ. “ನಟ್ಟನಡಕ ಮಸಕ ಆಗಲಿಕತ್ತದ. ಇನ್ನ ಎಷ್ಟ ತಿಂಗಳ ಓದಾಕ ಬರತದೋ ಹೇಳಾಕ ಆಗಂಗಿಲ್ಲಂತ. ಸಿಕ್ಕದ್ದೆಲ್ಲಾ ಓದಾಕ ಟೈಮ್ ಇಲ್ರಿ ಈಗ. ಚೀಲದಾಗ ಐದ ಅದಾವ. ನೀವು ಮುಲಾಜಿಲ್ಲದ ಹೇಳವರು. ಯಾವದ ಓದಲಿ?”

ಆಗಲಾದರೂ ನಿಜ ಹೇಳಬಹುದಿತ್ತು. ಬಾಯಿಗೆ ರೂಢಿಯಾದದ್ದೇ ಬಂತು. ಮೂರು ತಲೆಮಾರಿನ ದಪ್ಪ ಕಾದಂಬರಿಯ ಲಕೋಟೆಯಲ್ಲಿ ಮೆಚ್ಚುಗೆಯ ಚೀಟಿಗಳು ಹೆಚ್ಚಿದ್ದವು. “ಅದನ್ನ ಬಿಡಬ್ಯಾಡ್ರಿ ಪದ್ಮಕ್ಕ,” ಎಂದೆ. “ಮತ್ತ ಆ ಚಿತ್ರದ್ದು?” ಎಂದು ಕೇಳಿದರು. “ಹುಡುಗೂರ ಪುಸ್ತಕರಿ ಅದು. ವ್ಯಾಳ್ಯಾ ಹಾಳು.”

ಏಳು ವಾರ ಕಳೆದ ಮೇಲೆ, ಮುಂದಿನ ಮನೆಗೆ ಮುಟ್ಟಿಸಲೆಂದು ಚೀಲ ತರಲು ಅವರ ಮನೆಗೆ ಹೋದೆ. ಕೆಳಗಿನ ಕೋಚಿಂಗ್ ಕ್ಲಾಸಿನಿಂದ ಮರಾಠಿಯಲ್ಲಿ ಯಾವುದೋ ಸೂತ್ರವನ್ನು ಮತ್ತೆ ಮತ್ತೆ ಹೇಳಿಸುತ್ತಿರುವುದು ಕೇಳುತ್ತಿತ್ತು. ಮೇಜಿನ ಮೇಲೆ ಹಿಡಿಕೆಯ ಭೂತಗನ್ನಡಿ, ಪಕ್ಕದಲ್ಲಿ ಅದೇ ದಪ್ಪ ಕಾದಂಬರಿ. ಪದ್ಮಕ್ಕ ಅವಲಕ್ಕಿ ಕೊಟ್ಟು ಎದುರು ಕುಳಿತರು. ನೋಟ ನನ್ನ ಮುಖಕ್ಕಲ್ಲ, ಕಿವಿಯ ಹತ್ತಿರ ಎಲ್ಲೋ ಇತ್ತು.

“ಒಂದ ತಿಳೀಲಿಲ್ರಿ,” ಎಂದರು. “ಅಜ್ಜಿ ಸತ್ತ ಹೋಗ್ತಾಳಲ್ಲ, ಮುಂದ ಹಾಳಿ ತಿರುವಿದ್ರ ಮತ್ತ ಒಲಿ ಮುಂದ ಕೂತ ಹೋಳಗಿ ಮಾಡ್ಲಿಕತ್ತಾಳ. ಯಾಕಿದ್ದೀತು?”

ನನಗೆ ಅಜ್ಜಿ ಸತ್ತದ್ದೇ ಗೊತ್ತಿರಲಿಲ್ಲ. ಆದರೆ ನಾನು ಸೋಲುವ ಜಾತಿಯವನಲ್ಲ. “ಅದು ನೆನಪಿನ ತಂತ್ರರಿ,” ಎಂದು ಶುರು ಮಾಡಿದೆ. “ಈಗಿನ ಕಾದಂಬರಿಯೊಳಗ ಕಾಲ ನೆಟ್ಟಗ ಹರಿಯೂದಿಲ್ಲ. ಸತ್ತವರೂ ಸಾಯೂದಿಲ್ಲ. ಲೇಖಕರು ಬೇಕಂತನ ಮಾಡ್ಯಾರ.” ಹೀಗೆ ಐದು ನಿಮಿಷ ಕೊರೆದಿರಬೇಕು. ಅವರು ಅಡ್ಡ ಬಾಯಿ ಹಾಕದೆ ಕೇಳಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ಸರಿಸಿದರು.

“ಪುಟದ ನಂಬರ ನೋಡ್ರಿ.”

ನೋಡಿದೆ. ನೂರಾ ತೊಂಬತ್ತೆರಡರ ನಂತರ ಮತ್ತೆ ನೂರಾ ಎಪ್ಪತ್ತೇಳು. ಬೈಂಡಿಂಗಿನವರು ಅದೇ ಹದಿನಾರು ಪುಟಗಳನ್ನು ಎರಡು ಸಲ ಹೊಲಿದಿದ್ದರು. ಮುಂದಿನ ಹದಿನಾರು ಪುಟಗಳೇ ಇರಲಿಲ್ಲ. ಎಂಟು ಮನೆ ಸುತ್ತಿದ ಪುಸ್ತಕ, ಲಕೋಟೆಯಲ್ಲಿ ಎಂಟು ಚೀಟಿ, ಒಬ್ಬರೂ ಆ ಮಾತು ಬರೆದಿರಲಿಲ್ಲ. ಉಳಿದ ಏಳು ಜನರನ್ನು ಬೈಯುವ ಹಕ್ಕು ನನಗಿಲ್ಲ.

“ಮೊದಲ ನನ್ನ ತಲೀನ ಕೆಟ್ಟತು ಅಂದ್ಕೊಂಡೆ,” ಎಂದರು ಪದ್ಮಕ್ಕ. “ಓದಿದ್ದ ಓದ್ಲಿಕತ್ತೇನಿ ಅಂತ ಅನ್ನಿಸ್ತದ, ಖಾತ್ರಿ ಆಗವಲ್ದು. ನಂಬರ ಸಣ್ಣವು, ಕಾಣವಲ್ವು. ಕನ್ನಡಿ ಹಿಡಕೊಂಡ ಹದಿನಾರೂ ಪುಟ ಎರಡನೇ ಸಲ ಓದಿದೆ. ನಾಕ ದಿನ ಹೋದ್ವು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. “ನಾ ಓದಿಲ್ರಿ,” ಎಂದೆ. “ಇದನ್ನೂ ಓದಿಲ್ಲ, ಆ ಚಿತ್ರದ್ದನ್ನೂ ಓದಿಲ್ಲ.” ಅವರು ತಲೆಯಾಡಿಸಿದರು. “ಅವಲಕ್ಕಿ ತಿನ್ರಿ, ಮೆತ್ತಗಾಗ್ತಾವ,” ಎಂದರು. ಬಸ್ಸಿನಲ್ಲಿ ಕೋಥರೂಡದ ತನಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಇನ್ಯಾವತ್ತೂ ಆದದ್ದಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಪದ್ಮಕ್ಕನಿಗೆ ಅಕ್ಷರ ಪೂರ್ತಿ ಹೋಯಿತು. ಅಂಚಿನಲ್ಲಿ ಅಷ್ಟಿಷ್ಟು ಬೆಳಕು, ಓಡಾಟಕ್ಕೆ ಸಾಕು. ಎರಡು ತಿಂಗಳು ಮುಖ ತಪ್ಪಿಸಿಕೊಂಡು ತಿರುಗಿದ ನಾನು ಕೊನೆಗೊಮ್ಮೆ ಹೋಗಿ, ಓದಿ ಹೇಳಲೇ ಎಂದು ಕೇಳಿದೆ. ಕಾದಂಬರಿ ಬೇಡವೆಂದರು. “ಆ ಹುಡುಗೂರ ಪುಸ್ತಕ ತರ್‍ರಿ,” ಎಂದರು.

ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಹೋಗುತ್ತೇನೆ. ಚಿತ್ರವನ್ನು ಬಾಯಲ್ಲಿ ಓದುವುದು ಸುಲಭವೆಂದು ತಿಳಿಯಬೇಡಿ. ಒಂದು ಪುಟಕ್ಕೆ ಕಾಲು ಗಂಟೆ ಬೇಕು, ಮನೆಗೆ ಬಂದರೆ ತಲೆ ಹಿಂಡಿದಂತಾಗಿರುತ್ತದೆ. ಎಲ್ಲವೂ ಒಳ್ಳೆಯ ಪುಸ್ತಕಗಳೇ ಎಂದೂ ಹೇಳಲಾರೆ. ನಡುವೆ ಓದಿದ ಒಂದು ಯುದ್ಧದ ಕಥೆಯಲ್ಲಿ ‘ಧಡಾರ್’ ಎಂಬುದಕ್ಕೇ ಮುಕ್ಕಾಲು ಪುಟ ಕೊಟ್ಟಿದ್ದರು. ನಾಲ್ಕು ಸಲ ಧಡಾರ್ ಎಂದ ಮೇಲೆ ಪದ್ಮಕ್ಕನೇ ಸಾಕೆಂದರು. ಆದರೆ ನಾನು ಹುಡುಗರದೆಂದು ತಳ್ಳಿದ ಆ ಮೊದಲನೆಯದಿದೆಯಲ್ಲ, ಅದೊಂದು ಖಾನಾವಳಿ ಮುಚ್ಚುವ ಕಥೆ. ಹೆಂಗಸೊಬ್ಬಳು ಪಾತ್ರೆ ತೊಳೆಯುವುದಕ್ಕೆ ಆರು ಪುಟ, ಒಂದೂ ಮಾತಿಲ್ಲ. ಹೆಬ್ಬೆರಳಿನಲ್ಲಿ ಓಡಿಸಿದವನಿಗೆ ಆರು ಕ್ಷಣವೂ ಹಿಡಿಯದಿದ್ದ ಪುಟಗಳು. ಕಣ್ಣಿದ್ದಾಗ ಇದನ್ನು ಪದ್ಮಕ್ಕ ನೋಡಬೇಕಿತ್ತು. ನೋಡದಂತೆ ಮಾಡಿದವನು ನಾನು.

ಅದನ್ನೇ ಇನ್ನೊಮ್ಮೆ ಓದಿರೆಂದು ಹೋದ ತಿಂಗಳು ಕೇಳಿದ್ದರಿಂದ ಈಗ ಎರಡನೇ ಸಲ ನಡೆದಿದೆ. ಮೊದಲ ಸಲ, ಕೊನೆಯ ಅಧ್ಯಾಯಕ್ಕೆ ಮುಂಚೆ ನೆಗಡಿಯಿಂದ ನನ್ನ ದನಿ ಬಿದ್ದು ಅಲ್ಲಿಗೇ ನಿಲ್ಲಿಸಿದ್ದೆವು, ಆಮೇಲೆ ಬೇರೆ ಪುಸ್ತಕ ಹಿಡಿದು ಅದು ಹಾಗೇ ಉಳಿದಿತ್ತು. ಇಂದು ಆ ಜಾಗಕ್ಕೆ ಬಂದೆವು. ಪುಟದಲ್ಲಿ ಎಷ್ಟು ಚೌಕವಿದೆಯೆಂದು ಮೊದಲೇ ಹೇಳಬೇಕು, ಅದು ಗಣಿತ ಕಲಿಸಿದವರ ಕಟ್ಟಳೆ. ಒಂಬತ್ತು ಎಂದೆ. ಒಂದೊಂದಾಗಿ ಹೇಳಿ, ತಿರುವಲೆಂದು ಹಾಳೆಗೆ ಬೆರಳು ಹಚ್ಚಿದೆ.

“ಎಂಟ ಆದ್ವು,” ಎಂದರು.

“ಒಂಬತ್ತನೇದರಾಗ ಏನೂ ಇಲ್ರಿ. ಖಾಲಿ ಖೋಲಿ.”

“ಮೊದಲ ಏನಿತ್ತು, ಈಗ ಏನಿಲ್ಲ, ಅದನ್ನ ಹೇಳ್ರಿ.”

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಬೆಂಚುಗಳಿಲ್ಲ, ಅವುಗಳ ಕಾಲಿನ ಗುರುತು ನೆಲದ ಮೇಲಿದೆ. ಕ್ಯಾಲೆಂಡರ್ ಇಲ್ಲ, ಮೊಳೆ ಇದೆ. ನೀರಿನ ಹಂಡೆ ಇಲ್ಲ, ಅದಿದ್ದ ಕಡೆ ಒಂದು ಸುತ್ತು ಪಾಚಿ. ಇದೆಲ್ಲ ಹೇಳಿ ಮುಗಿಸಲು ನನಗೆ ಬಹಳ ಹೊತ್ತು ಬೇಕಾಯಿತು. ಪದ್ಮಕ್ಕ ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದರು.

“ಮುಂದ ಆಕಿ ಎಲ್ಲಿ ಹೋಗ್ತಾಳ?”

“ಗೊತ್ತಿಲ್ರಿ,” ಎಂದೆ. “ನಾ ಇನ್ನೂ ಓದಿಲ್ಲ.”

“ಹಂಗಾರ ಹಾಳಿ ತಿರುವ್ರಿ,” ಎಂದರು ಪದ್ಮಕ್ಕ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು.