ಕೊನೆಯ ಉಕಾರ

ಶೊಮಿತ್ ದಾ, ಅಂದರೆ ಶೊಮಿತಣ್ಣ, ತನ್ನ ಹೆಂಡತಿಯನ್ನು ‘ಅವನು’ ಎನ್ನುತ್ತಿದ್ದ. ಆರಡಿ ಎತ್ತರದ, ಎದೆಯವರೆಗೆ ಗಡ್ಡ ಬಿಟ್ಟ ಡ್ರಮ್ಮರ್ ಗ್ಯಾರಿಯನ್ನು ‘ಅವಳು’ ಎನ್ನುತ್ತಿದ್ದ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಮೆಸ್ಸಿನಲ್ಲೂ ಆಟೋದವರ ಜೊತೆಗಿನ ಜಗಳಗಳಲ್ಲೂ ಕಲಿತ ಕನ್ನಡ ಅವನದು. ಬಂಗಾಳಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಸರ್ವನಾಮವಂತೆ. ಕನ್ನಡದಲ್ಲಿ ಎರಡು ಸಿಕ್ಕವು, ಕೈಗೆ ಬಂದದ್ದನ್ನು ಎತ್ತಿ ಬಳಸುತ್ತಿದ್ದ. “ರೂಮಾ ಕೆಲಸಕ್ಕೆ ಹೋದ, ಗ್ಯಾರಿ ಈಗ ಬರ್ತಾಳೆ, ನೀನು ಕೂತ್ಕೋ ಮಗಾ” ಎಂದು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದದ್ದು ನಮ್ಮ ಮೊದಲ ಭೇಟಿ.

ಆಗ ನಾನು ಇಲಿನಾಯ್‌ನ ಪ್ಲೇನ್‌ಫೀಲ್ಡಿನಲ್ಲಿದ್ದೆ, ಅವನ ಮನೆಯೂ ನಮ್ಮ ಬಡಾವಣೆಯಲ್ಲೇ ಇತ್ತು. ಅವನ ಬ್ಯಾಂಡಿನ ಹೆಸರು ‘ಬೊತ್ರಿಶ್’, ಅಂದರೆ ಮೂವತ್ತೆರಡು. ಫ್ಯಾರನ್‌ಹೀಟಿನಲ್ಲಿ ನೀರು ಹೆಪ್ಪುಗಟ್ಟುವ ಅಂಕಿ. ಸ್ವಂತ ಹಾಡು ಬರೆದು, ಬಂಗಾಳಿಯಲ್ಲಿ ರಾಕ್ ಹಾಡುತ್ತಿದ್ದ. ಬೇಸ್ ಗಿಟಾರಿನವನು ಟೆಕ್ಸಸ್‌ಗೆ ಹೋಗಿಬಿಟ್ಟಿದ್ದ, ನನಗೆ ಬೇಸ್ ಬರುತ್ತಿತ್ತು.

“ಬಂಗಾಳಿ ಬರುತ್ತಾ?” ಎಂದು ಕೇಳಿದ.

“ಒಂದಕ್ಷರ ಬರಲ್ಲ.”

“ಒಳ್ಳೇದಾಯ್ತು. ಬಂಗಾಳಿ ಬ್ಯಾಂಡಿಗೆ ಬಂದ್ರೆ ಮೊದಲು ಕಮಿಟಿ ಮಾಡ್ತಾಳೆ, ಆಮೇಲೆ ಹಾಡು.”

ಅವನ ದನಿ ಒಡೆದ ಸೈಲೆನ್ಸರಿನಂತೆ ಕರಕರ ಎಂದು ಶುರುವಾಗುತ್ತಿತ್ತು. ಎರಡನೇ ಸಾಲಿಗೆ ಎಂಜಿನ್ ಬಿಸಿಯಾದ ಮೇಲೆ ಅದರಷ್ಟು ಮೆತ್ತಗಿನದನ್ನು ನಾನು ಕೇಳಿಲ್ಲ. ಗ್ಲೆಂಡೇಲ್ ಹೈಟ್ಸ್‌ನ ಒಂದು ಶಾಲೆಯ ಜಿಮ್ಮಿನಲ್ಲಿ ದುರ್ಗಾಪೂಜೆಯ ದಿನ ನಮಗೆ ಊಟದ ಹೊತ್ತಿನ ಸ್ಲಾಟು ಕೊಟ್ಟಿದ್ದರು. ಜನರೆಲ್ಲ ಖಿಚುಡಿಯ ಸಾಲಿನಲ್ಲಿ ನಿಂತು ವೇದಿಕೆಗೆ ಬೆನ್ನು ಹಾಕಿದ್ದರು. ಕಮಿಟಿಯ ಅಂಕಲ್ ಬಂದು, ಕೊನೆಗಾದರೂ ಒಂದೆರಡು ಹಿಂದಿ ಡ್ಯಾನ್ಸ್ ಹಾಡು ಹಾಕಿ ಎಂದರು. ಶೊಮಿತ್ ದಾ ಗಿಟಾರಿನ ವೈರು ಕಿತ್ತು, ಕೆಳಗಿಳಿದು, ಆ ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಮುಖ ನೋಡುತ್ತ ತನ್ನ ಹಾಡನ್ನೇ ಹಾಡಿಕೊಂಡು ಹೋದ. ತಟ್ಟೆ ಹಿಡಿದವರು ಓಡಿಹೋಗುವುದಾದರೂ ಎಲ್ಲಿಗೆ? “ಕ್ಯೂನಲ್ಲಿರೋರು ಕೇಳ್ತಾರೆ ಮಗಾ, ಹಸಿವಿರುತ್ತಲ್ಲ” ಎಂದ ಆಮೇಲೆ. ಜನರ ಎದುರು ನೆಟ್ಟಗೆ ನಿಲ್ಲುವುದನ್ನು ನಾನು ಅವನಿಂದ ಕಲಿತೆ. ಅದನ್ನು ಒಪ್ಪಿಕೊಳ್ಳಬೇಕು.

ಕೋರಸ್ ಹಾಡಲು ನನ್ನನ್ನು ಎಳೆದವನೂ ಅವನೇ. ಮಿಶಿಗನ್ ಸರೋವರದ ಮೇಲೆ ಒಂದು ಹಾಡಿತ್ತು. ಅದರ ಪಲ್ಲವಿ ‘ಜೋಲ್, ಶುಧು ಜೋಲ್’. ನೀರು, ಬರೀ ನೀರು ಎಂದರ್ಥ. ನಾನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಮೈಕಿನ ಮುಂದೆ ನಿಂತು “ಜೋಲು, ಶುಧು ಜೋಲು” ಎಂದು ಹಾಡಿದೆ. ಗ್ಯಾರಿಗೆ ಏನೂ ತಿಳಿಯಲಿಲ್ಲ. ಶೊಮಿತ್ ದಾ ಹೊಟ್ಟೆ ಹಿಡಿದುಕೊಂಡ.

“ಜೋಲು ಮೋರೆ ಹಾಕ್ಕೊಂಡು ಹಾಡಬೇಡ ಬೊಶೊಂತೊ.”

ನನ್ನ ಹೆಸರು ವಸಂತ. “ನೀನು ನನ್ನ ಹೆಸರಿಗೆ ಮೂರು ಒಕಾರ ಸುರಿದಿದೀಯ ದಾದಾ, ನಾನು ನಿನ್ನ ನೀರಿಗೆ ಒಂದು ಉಕಾರ ಹಾಕಿದ್ರೆ ಏನಾಯ್ತು?” ಎಂದೆ.

ಆ ಉಕಾರ ನನ್ನ ಮೈಗೆ ಅಂಟಿದ್ದು. ನಾವು ಕನ್ನಡದವರು ಪದವನ್ನು ಅರ್ಧಕ್ಕೆ ಬಿಡುವವರಲ್ಲ. ಬಸ್ಸು, ಕಾರು, ಪೆನ್ನು ಎಂದು ಬಾಗಿಲು ಹಾಕಿಯೇ ಹೊರಡುವವರು. ನಮ್ಮ ಮನೆಯಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಫೈನಲ್ ವೈವಾದಲ್ಲಿ ನಾನು ‘ಪಿಸ್ಟನ್ನು’ ಎಂದಾಗ ಎಕ್ಸಾಮಿನರ್ ಪಕ್ಕದವರ ಕಡೆ ತಿರುಗಿ ನಕ್ಕಿದ್ದ. ಡಿಗ್ರಿ ಬೇಕಿತ್ತು, ನುಂಗಿಕೊಂಡೆ. ಶೊಮಿತ್ ದಾ ನಕ್ಕದ್ದು ಹಾಗಲ್ಲ. ನಕ್ಕು ಮುಗಿಸಿ, ಇನ್ನೊಮ್ಮೆ ಹಾಡಿಸಿ, ಕಣ್ಣು ಮುಚ್ಚಿ ಕೇಳಿ, “ಇರಲಿ, ತೆಗೀಬೇಡ. ನೀರು ಅಲೆ ಥರ ವಾಪಸ್ ಬರ್ತಾಳೆ” ಎಂದ.

ಐದು ವರ್ಷದ ಮೇಲೆ ನನಗೆ ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ ಕೆಲಸ ಸಿಕ್ಕಿತು. ಬ್ಯಾಂಡು ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಶನಿವಾರ ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ಪ್ಲೇನ್‌ಫೀಲ್ಡಿಗೆ ಹೋಗುತ್ತಿದ್ದೆ. “ಇಷ್ಟು ದೂರ ಹೋಗಿ ಅರ್ಥ ಗೊತ್ತಿಲ್ಲದ್ದನ್ನ ಹಾಡಿ ಬರ್ತೀರಲ್ಲ” ಎಂದು ನನ್ನ ಹೆಂಡತಿ ಸುಧಾ ಹಂಗಿಸುತ್ತಿದ್ದಳು. ಹ್ಯಾಮ್‌ಟ್ರಾಮಿಕ್‌ನ ಬೀದಿ ಮೇಳಕ್ಕೆ ಒಮ್ಮೆ ಬಂದು ನೋಡಿದ ಮೇಲೆ ಸುಮ್ಮನಾದಳು. ಡೆಟ್ರಾಯಿಟಿಗೆ ಅಂಟಿಕೊಂಡ ಆ ಪುಟ್ಟ ಊರಿನ ತುಂಬ ಬಾಂಗ್ಲಾದೇಶದವರು. ಬೇಸಗೆಯ ಮಧ್ಯಾಹ್ನ, ತೊಂಬತ್ತು ಡಿಗ್ರಿ ಸೆಕೆ. ಪಲ್ಲವಿ ಬಂದಾಗ ಬೀದಿಗೆ ಬೀದಿಯೇ “ಜೋಲೂ” ಎಂದು ನನ್ನ ಉಕಾರವನ್ನು ಎಳೆದು ಹಾಡಿತು. ತಲೆಗೆ ಟೋಪಿ ಹಾಕಿದ ಅಜ್ಜಂದಿರೂ ಹಾಡಿದರು. ಶೊಮಿತ್ ದಾ ಮೈಕಿನಲ್ಲಿ ನನ್ನ ಕಡೆ ಕೈ ತೋರಿಸಿ, ಇದು ಬೊತ್ರಿಶ್‌ನ ಸಹಿ ಎಂದ. ಅದಕ್ಕಿಂತ ದೊಡ್ಡ ಮಾತನ್ನು ನನ್ನ ಯಾವ ಮ್ಯಾನೇಜರೂ ಹೇಳಿಲ್ಲ.

ಕೊನೆಗೂ ಆಲ್ಬಂ ಆಯಿತು. ಶಿಕಾಗೋದ ಒಂದು ಸ್ಟುಡಿಯೋದಲ್ಲಿ ಎರಡು ದಿನ ರೆಕಾರ್ಡಿಂಗ್. ಬಿಡುಗಡೆ ಮಾಡಲು ಕೋಲ್ಕತ್ತಾದವರೊಬ್ಬರು ಒಪ್ಪಿದ್ದರು. ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಶೊಮಿತ್ ದಾ ಮನೆಯಲ್ಲಿ ಮೂವತ್ತು ಜನರಿಗೆ ಊಟ ಹಾಕಿ ಆಲ್ಬಂ ಕೇಳಿಸಿದ. ನಾನು ಸುಧಾಳನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಮಗಳು ತನ್ನ ಫ್ರೆಂಡ್ಸಿಗೆಲ್ಲ ಹೇಳಿಕೊಂಡಿದ್ದಳು.

ಸರೋವರದ ಹಾಡು ಬಂತು. ನನ್ನ ಬೇಸ್ ಇತ್ತು. ಪಲ್ಲವಿ ಬಂತು. “ಜೋಲ್, ಶುಧು ಜೋಲ್.” ಯಾರದೋ ಗಂಟಲು, ನುಣ್ಣಗೆ, ಬ್ಲೇಡಿನಲ್ಲಿ ಕತ್ತರಿಸಿದಂತೆ ನಿಂತಿತು. ಮಗಳು ನನ್ನ ಮುಖ ನೋಡಿದಳು. ಶೊಮಿತ್ ದಾ ತಟ್ಟೆ ತರುವ ನೆವದಲ್ಲಿ ಅಡುಗೆಮನೆಗೆ ಹೋದ. ನಾನೂ ಹೋದೆ.

“ನನ್ನ ದನಿ ಎಲ್ಲಿ ದಾದಾ?”

“ಕೋಲ್ಕತ್ತಾದವರು ನಕ್ಕುಬಿಟ್ರು ಮಗಾ. ಅಲ್ಲಿ ಅದು ಕಾಮಿಡಿ ಆಗುತ್ತೆ. ಅಲ್ಲಿನ ಹುಡುಗ ಒಬ್ಬಳು ಹಾಡಿ ಕಳಿಸಿದಳು. ನಿನ್ನ ಬೇಸ್ ಇದೆಯಲ್ಲ.”

“ಯಾವಾಗ ತೆಗೆದದ್ದು?”

ಅವನು ಲೂಚಿ ಪೂರಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. “ಮಾರ್ಚಲ್ಲಿ.”

“ಮಾರ್ಚಿಂದ ಹತ್ತು ಸಲ ಬಂದಿದೀನಿ. ಪ್ರಾಕ್ಟೀಸಲ್ಲಿ ಹಾಡಿಸಿದೀಯ. ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?”

“ಹೇಳಿದ್ರೆ ಶೋಗಳಿಗೆ ಯಾರು ಬರ್ತಿದ್ದಳು?”

ರೂಮಾ ಬೌದಿ, ಬೌದಿ ಅಂದರೆ ಅತ್ತಿಗೆ, ಬಾಗಿಲಲ್ಲಿ ನಿಂತಿದ್ದರು. ಊಟ ಮಾಡಿಕೊಂಡು ಹೋಗು ಎಂದರು. ಅವರದು ಒಳ್ಳೆಯ ಮನಸ್ಸೇ. ಆದರೆ ನನ್ನ ಅಪ್ಪ ತುಮಕೂರಿನ ಮದುವೆಗಳಲ್ಲಿ ಬ್ಯಾಂಡ್‌ಸೆಟ್ ಊದುತ್ತಿದ್ದವನು. ಗಂಡಿನ ಕಾರಿನ ಮುಂದೆ ನಡೆದು, ಎಲ್ಲರ ಪಂಕ್ತಿ ಎದ್ದ ಮೇಲೆ ಉಂಡು ಬರುತ್ತಿದ್ದ. ನಾನು ಓದಿದ್ದು ಹಾಗೆ ಉಣ್ಣದಿರಲಿಕ್ಕೆ. ಹೆಂಡತಿ ಮಗಳನ್ನು ಎಬ್ಬಿಸಿಕೊಂಡು ಹೊರಟೆ. ಇಂಡಿಯಾನಾದ ಯಾವುದೋ ಎಕ್ಸಿಟ್ಟಿನಲ್ಲಿ ಬರ್ಗರ್ ತಿಂದೆವು.

ಎರಡು ವರ್ಷ ಮಾತಿಲ್ಲ. ಆಲ್ಬಂ ಕೋಲ್ಕತ್ತಾದಲ್ಲಿ ಏಳಲೂ ಇಲ್ಲ, ಬೀಳಲೂ ಇಲ್ಲ ಎಂದು ಗ್ಯಾರಿ ಹೇಳಿದ. ಕಳೆದ ಜೂನಿನಲ್ಲಿ, ಆಫೀಸಿನ ಲಂಚ್ ಹೊತ್ತಿಗೆ, ಶೊಮಿತ್ ದಾ ಫೋನ್ ಮಾಡಿದ.

“ಹ್ಯಾಮ್‌ಟ್ರಾಮಿಕ್ ಮೇಳಕ್ಕೆ ಕರೆದಿದಾರೆ. ಜನ ನಿನ್ನ ಕೇಳ್ತಾಳೆ. ಬಾ, ಒಂದು ಹಾಡು ಹಾಡಿ ಹೋಗು.”

“ಅಲ್ಲಿ ಕಾಮಿಡಿ ಆಗಲ್ವಾ?”

“ಬರಲ್ವಾ ಹಾಗಾದ್ರೆ?”

“ಬರಲ್ಲ.”

ಆದರೂ ಹೋದೆ, ಮಗಳ ಜೊತೆ, ಸಮೋಸಾ ಅಂಗಡಿಯ ಪಕ್ಕ ಹಿಂದೆ ನಿಂತೆ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸರೋವರದ ಹಾಡಿನ ಪಲ್ಲವಿಗೆ ಬಂದಾಗ ಅವನೇ ಕತ್ತು ಸ್ವಲ್ಪ ಓರೆ ಮಾಡಿ “ಜೋಲು, ಶುಧು ಜೋಲೂ” ಎಂದು ಹಾಡಿದ. ನನಗಿಂತ ಚೆನ್ನಾಗಿ.

“ಹಿ ಈಸ್ ಇಮಿಟೇಟಿಂಗ್ ಯೂ, ಅಪ್ಪ” ಎಂದಳು ಮಗಳು.

ಜನ ನಕ್ಕರು. ನಾನು ಹಾಡಿದಾಗ ಅವರು ನಕ್ಕಿರಲಿಲ್ಲ, ಜೊತೆಗೆ ಹಾಡಿದ್ದರು. ಆ ವ್ಯತ್ಯಾಸ ಅವನಿಗೂ ಕೇಳಿಸಿತು ಎಂದು ಅವನ ಮುಖ ಹೇಳಿತು. ಎರಡನೇ ಸಲ ‘ಜೋಲ್’ ಎಂದೇ ಹಾಡಿದ, ಶುದ್ಧವಾಗಿ. ಯಾರೂ ದನಿಗೂಡಿಸಲಿಲ್ಲ. ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ. ಹಾಡು ಮುಗಿಯುವ ಮೊದಲೇ ಮಗಳ ಕೈ ಹಿಡಿದು ಕಾರಿನ ಕಡೆ ನಡೆದೆ.

ತಿಂಗಳಾದ ಮೇಲೆ ಗ್ಯಾರಿಯ ಫೋನ್ ಬಂತು. ಅಂದಿನದು ಬೊತ್ರಿಶ್‌ನ ಕೊನೆಯ ಶೋ ಆಗಿತ್ತಂತೆ. ರೂಮಾ ಬೌದಿಗೆ ಅರಿಜೋನಾದಲ್ಲಿ ಕೆಲಸ ಸಿಕ್ಕಿ, ಇಬ್ಬರೂ ಹೊರಟುಹೋಗಿದ್ದರು. ಗಿಟಾರು, ಆ್ಯಂಪುಗಳನ್ನೆಲ್ಲ ಒಂದು ಚರ್ಚಿಗೆ ಕೊಟ್ಟು, ಇನ್ನು ಹಾಡುವುದಿಲ್ಲ ಎಂದು ಹೇಳಿ ಹೋದನಂತೆ. ಇದೆಲ್ಲ ಶೊಮಿತ್ ದಾಗೆ ನನಗೆ ಫೋನ್ ಮಾಡುವ ಮೊದಲೇ, ಮೇ ತಿಂಗಳಲ್ಲೇ ಗೊತ್ತಿತ್ತಂತೆ.

“ನನಗ್ಯಾಕೆ ಹೇಳಲಿಲ್ಲ?” ಎಂದು ಗ್ಯಾರಿಯನ್ನು ಕೇಳಿದೆ.

ಹೇಳಿದರೆ ಕನಿಕರಕ್ಕೆ ಬರುತ್ತಾನೆ, ಹಾಗೆ ಬರುವುದು ಬೇಡ ಎಂದಿದ್ದನಂತೆ.

ಕನಿಕರಕ್ಕೇ ಬರುತ್ತಿದ್ದೆ. ಬಂದು, ಅವನ ಎಡಗಡೆ ನಿಂತು, ಹಾಡುತ್ತಿದ್ದೆ.